ಭಂಗಾರವೋ, ಬಂಗಾರವೋ?

ಊರು ಬಿಟ್ಟು ಬಂದವರಿಗೆ ಬಿಡಾರ ಹೂಡುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಪುಣೆಗೆ ಬಂದ ಮೂವತ್ತೈದು ವರ್ಷಗಳಲ್ಲಿ ನಾವು ಏಳು ಬಾಡಿಗೆ ಮನೆ ಕಂಡವರು. ಯಾವ ಗೋಡೆಗೆ ಮೊಳೆ ಹೊಡೆಯಬಹುದು, ದೇವರ ಗೂಡು ಎಲ್ಲಿ, ರೊಟ್ಟಿಯ ಹಂಚು ಯಾವ ಮೂಲೆಗೆ ಎಂಬುದೆಲ್ಲ ನಮ್ಮ ಮನೆಯವರಿಗೆ ಕರತಲಾಮಲಕ. ಆದರೆ ಗಣಕಯಂತ್ರದೊಳಗೂ ಹೀಗೆಯೇ ಬಿಡಾರ ಹೂಡುವುದುಂಟೆಂದು ನನಗೆ ತೋರಿಸಿಕೊಟ್ಟವಳು ತಂಗಿಯ ಮಗಳು.

2025ರ ನವೆಂಬರಿನಲ್ಲಿ ಹುಡುಗಿ ಹಾವೇರಿಯಿಂದ ಕೆಲಸ ಹುಡುಕಿಕೊಂಡು ಬಂದಳು. ಒಂದು ಕಂಪನಿಯವರು, 'ಮೂರು ವಾರದಲ್ಲಿ ನಿಮ್ಮದೇ ಒಂದು ಪ್ರೋಗ್ರಾಂ ಬರೆದು ತೋರಿಸಿ, ಆಮೇಲೆ ಮಾತು' ಎಂದಿದ್ದರು. ಮನೆಯಲ್ಲಿದ್ದದ್ದು ನನ್ನ ಹತ್ತು ವರ್ಷದ ಲ್ಯಾಪ್‌ಟಾಪ್. ಗುಂಡಿ ಒತ್ತಿ ಹೋದರೆ ಚಹಾ ಕುಡಿದು ಬರುವಷ್ಟು ಹೊತ್ತು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಮಾಮೂಲಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಮುಂದಿನ ಆವೃತ್ತಿ ಕೇಳುವ ಹೊಸ ಪೀಳಿಗೆಯ ಪ್ರೊಸೆಸರು ಈ ಯಂತ್ರದಲ್ಲಿರಲಿಲ್ಲ. ಪಕ್ಕದ ಮನೆಯವರು, 'ಭಂಗಾರ್‌ವಾಲಾನಿಗೆ ಕೊಟ್ಟುಬಿಡಿ' ಎಂದರು. ಗುಜರಿಗೆ ಇಲ್ಲಿ ಭಂಗಾರವೆನ್ನುತ್ತಾರೆ. ಆ ಕೂಗು ಕೇಳಿ, 'ಇದೇನು, ಈ ಊರಿನಲ್ಲಿ ಬಂಗಾರವನ್ನು ಕೈಗಾಡಿಯ ಮೇಲೆ ಕೊಳ್ಳುತ್ತಾರೆಯೇ!' ಎಂದು ಬೆರಗಾಗದ ಕನ್ನಡಿಗನುಂಟೆ?

ಆ ರಾತ್ರಿ ತಂಗಿ ಫೋನು ಮಾಡಿದಳು. "ಅಣ್ಣಾ, ಟ್ರಂಕಿನಾಗ ಎರಡು ಬಳಿ ಅದಾವ. ಒತ್ತಿ ಇಟ್ಟು ರೊಕ್ಕಾ ಕಳಸ್ತೀನಿ. ಆಕಿಗೆ ಹೊಸಾದು ಕೊಡಸು." ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದವಳು ಅವಳು. ಅಂಥ ಕಷ್ಟದ ದಿನಗಳಲ್ಲೂ ಆ ಬಳೆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹುಡುಗಿಯೇ ಹೇಳಿದಳು: "ಮಾಮಾ, ಅವ್ವಗ ಬ್ಯಾಡಂತ ಹೇಳ್ರಿ. ಈ ಯಂತ್ರ ಮುದುಕ ಆಗಿಲ್ಲ, ಹೊರಿ ಹೆಚ್ಚಾಗೇತಿ ಅಷ್ಟ. ಲಿನಕ್ಸ್ ಹಾಕೂಣು."

ಈ ಲಿನಕ್ಸಿನ ವಂಶಾವಳಿಯೂ ಸ್ವಾರಸ್ಯವಾದದ್ದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಗ್ನೂ ಎಂಬ ವ್ಯವಸ್ಥೆಯ ಸಂಕಲ್ಪ ಮಾಡಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಅಂಥ ವ್ಯವಸ್ಥೆಯ ತಿರುಳನ್ನು ಬರೆದ. ಇವೆರಡನ್ನೂ ಕೂಡಿಸಿ ಸ್ವಯಂಸೇವಕರು 1993ರಿಂದ ಕಟ್ಟುತ್ತ ಬಂದದ್ದು ಡೆಬಿಯನ್. ನಮ್ಮ ಸಂಘದ ಹಾಗೆಯೇ: ಒಬ್ಬರು ಚಾಪೆ ಹಾಸುವವರು, ಒಬ್ಬರು ಲೆಕ್ಕ ಬರೆಯುವವರು, ಸಂಬಳವನ್ನು ಮಾತ್ರ ಯಾರೂ ಕೇಳುವಂತಿಲ್ಲ!

ಅವಳು ಮೊದಲು ಮಾಡಿದ್ದು ಫೋಟೋ, ಕಾಗದಪತ್ರಗಳನ್ನೆಲ್ಲ ಬೇರೆಡೆ ತೆಗೆದಿರಿಸಿದ್ದು. ಬಳಿಕ 8 ಜಿ.ಬಿ.ಯ ಪೆನ್‌ಡ್ರೈವಿಗೆ ಡೆಬಿಯನ್ ತುಂಬಿ, ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರವನ್ನು ಎಬ್ಬಿಸಿ, ವೈಫೈ, ಧ್ವನಿ, ಕೀಲಿಮಣೆ ಎಲ್ಲ ಸರಿಯಿವೆಯೇ ಎಂದು ನೋಡಿದಳು. ಮನೆ ಹಿಡಿಯುವ ಮೊದಲು ನಲ್ಲಿ ತಿರುಗಿಸಿ ನೋಡುವುದಿಲ್ಲವೇ, ಹಾಗೆ. ಗರಗರ ತಿರುಗುವ ಹಳೆಯ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂತು. ನಮಗಾದ ಖರ್ಚು ಅದೊಂದೇ. ಅದನ್ನು ಎರಡು ಪಾಲು ಮಾಡಿ, ಒಂದರಲ್ಲಿ ವ್ಯವಸ್ಥೆ, ಇನ್ನೊಂದರಲ್ಲಿ ನಮ್ಮ ಕಡತಗಳು. ಈ ಎರಡನೆಯದರ ಹೆಸರೇ 'ಹೋಮ್', ಅಂದರೆ ಮನೆ. ನಾಳೆ ವ್ಯವಸ್ಥೆಯನ್ನು ಹೊಸದಾಗಿ ಹಾಕಿದರೂ ಮನೆಯೊಳಗಿನದನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಪರದೆಗೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಮೇಜು. ಯಂತ್ರ ಈಗ ಚಹಾ ಕುದಿಯುವ ಮೊದಲೇ ಸಿದ್ಧ.

ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪು ಮಾಡಿದಳು; ಕಂಪೈಲರು, ಪೈಥಾನು, ಗಿಟ್ಟು, ಎಲ್ಲ ಒಂದರ ಹಿಂದೊಂದು ಬಂದು ಕುಳಿತವು. ಮೇಲೆ ಬೇಕಾಗುವ ಪೈಥಾನ್ ಸಾಮಾನುಗಳನ್ನು ಮಾತ್ರ ನೇರವಾಗಿ ವ್ಯವಸ್ಥೆಯೊಳಗೆ ಸುರಿಯಲು ಡೆಬಿಯನ್ ಒಪ್ಪುವುದಿಲ್ಲ. ವ್ಯವಸ್ಥೆಯ ಕೆಲಸಗಳೂ ಅದೇ ಪೈಥಾನಿನಿಂದ ನಡೆಯುವುದರಿಂದ, ಒಂದಕ್ಕೆ ತಂದದ್ದು ಇನ್ನೊಂದನ್ನು ಕೆಡಿಸಬಾರದಲ್ಲ? ಆದ್ದರಿಂದ ಪ್ರತಿಯೊಂದು ಕೆಲಸಕ್ಕೂ ಬೇರೆ ಒಲೆ, ಬೇರೆ ಪಾತ್ರೆ. 'ಇದು ನಮ್ಮಜ್ಜಿಯ ಮಡಿ' ಎಂದಳು ನನ್ನ ಹೆಂಡತಿ, ತೊಗರಿಬೇಳೆ ಆರಿಸುತ್ತ.

ಎಡಕ್ಕೆ ಬರೆಯುವ ಕಿಟಕಿ, ಬಲಕ್ಕೆ ಟರ್ಮಿನಲ್. ರಾತ್ರಿ ಕಣ್ಣು ನೋಯದಂತೆ ಕಪ್ಪು ಹಿನ್ನೆಲೆ. ಕೈ ಮೌಸಿಗೆ ಹೋಗದಂತೆ ಕೀಲಿಗಳ ಏರ್ಪಾಡು. ಹೀಗೆ ಮೂರು ದಿನದಲ್ಲಿ ಮೇಜು ಅವಳ ಕೈಗೆ ಒಗ್ಗಿತು. ಕನ್ನಡಕ್ಕೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ 'ಕಗಪ' ಕೀಲಿಮಣೆ ಲಿನಕ್ಸಿನ ಪಟ್ಟಿಯಲ್ಲೇ ಇದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಎರಡು ಕನ್ನಡ ಅಕ್ಷರಮಾದರಿಗಳೂ ಸಿಕ್ಕವು. ಕಪ್ಪು ಕಿಟಕಿಯ ಚೌಕಗಳಲ್ಲಿ ನಮ್ಮ ಒತ್ತಕ್ಷರಗಳು ತುಸು ಚೆದುರಿದವೆನ್ನಿ. ಬರೆಯುವ ಕಿಟಕಿಯಲ್ಲಿ ಮಾತ್ರ ಅಚ್ಚುಕಟ್ಟು.

ಅವಳು ಬರೆದದ್ದೇನು ಗೊತ್ತೆ? ಅವ್ವನ ಅಳತೆಯ ವಹಿ. ಯಾರ ರವಿಕೆಗೆ ತೋಳು ಎಷ್ಟು, ಎದೆ ಎಷ್ಟು, ಯಾರಿಂದ ಎಷ್ಟು ಬಾಕಿ ಎಂಬುದನ್ನು ಕನ್ನಡದಲ್ಲಿ ಬರೆದಿಟ್ಟು, ಹಬ್ಬಕ್ಕೆ ಮೊದಲು ಕೊಡಬೇಕಾದ ಬಟ್ಟೆಗಳನ್ನು ನೆನಪಿಸುವ ಪ್ರೋಗ್ರಾಂ. ಕಂಪನಿಯವರು ನೋಡಿದರು, ಅರ್ಧ ತಾಸು ಪ್ರಶ್ನೆ ಕೇಳಿದರು, ಹೈದರಾಬಾದಿನ ಕಚೇರಿಗೆ ಬರಹೇಳಿದರು. ಸುದ್ದಿ ತಿಳಿದಾಗ ತಂಗಿ ಮೊದಲು ಕೇಳಿದ್ದು, "ಅಲ್ಲಿ ಊಟಕ್ಕ ಏನ ಮಾಡ್ತಾಳ?"

ಹೊರಡುವ ಹಿಂದಿನ ದಿನ ಹುಡುಗಿ ಗಂಟು ಕಟ್ಟಿದಳು. ಲಿನಕ್ಸಿನಲ್ಲಿ ನಮ್ಮ ಏರ್ಪಾಡುಗಳಲ್ಲಿ ಬಹಳಷ್ಟು ಪುಟ್ಟ ಪುಟ್ಟ ಪಠ್ಯಕಡತಗಳಲ್ಲಿರುತ್ತವೆ. ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟು ಅವನ್ನು ಸಾಮಾನ್ಯ ನೋಟದಿಂದ ಮರೆ ಮಾಡಿರುತ್ತಾರೆ. ಬೇಕಾದವನ್ನು ಆರಿಸಿ ಅವಳು ಗಿಟ್ಟಿನಲ್ಲಿ ಜೋಡಿಸಿಟ್ಟಳು. ಈ ಗಿಟ್ಟೂ ಅದೇ ಟೋರ್ವಾಲ್ಡ್ಸ್ 2005ರಲ್ಲಿ ಹುಟ್ಟುಹಾಕಿದ್ದು. ಹೈದರಾಬಾದಿಗೆ ಹೋಗಿ, ಮೊದಲ ಸಂಬಳದಲ್ಲಿ ಯಾರೋ ಬಳಸಿಬಿಟ್ಟ ಯಂತ್ರವೊಂದನ್ನು ಕೊಂಡು, ಗಂಟು ಬಿಚ್ಚಿದಳಂತೆ. ಅರ್ಧ ತಾಸಿನಲ್ಲಿ ಅದೇ ಬಣ್ಣ, ಅದೇ ಕೀಲಿ, ಅದೇ ಕಗಪ. ನಮ್ಮ ಏಳು ಮನೆಗಳಲ್ಲಿ ಒಂದೂ ಇಷ್ಟು ಬೇಗ ಮನೆಯಾಗಲಿಲ್ಲ. ಉಪ್ಪಿನ ಡಬ್ಬಿ ಸಿಗಲಿಕ್ಕೇ ಒಂದು ವಾರ ಹಿಡಿಯುತ್ತಿತ್ತು.

ಹಳೆಯ ಲ್ಯಾಪ್‌ಟಾಪ್ ನಮ್ಮಲ್ಲೇ ಇದೆ. ಸಂಘದ ಮಹಿಳಾ ವಿಭಾಗದ ಆಮಂತ್ರಣಗಳನ್ನು ನನ್ನ ಹೆಂಡತಿ ಈಗ ಅದರಲ್ಲೇ ಬರೆಯುತ್ತಾಳೆ. ಮಿತ್ರರೇ, ನಿಮ್ಮ ಅಟ್ಟದ ಮೇಲೂ ಅಂಥದೊಂದು ಮಲಗಿರಬಹುದು. ಊರಿನಿಂದ ಓದಲೆಂದೋ ದುಡಿಯಲೆಂದೋ ಬಂದ ಹುಡುಗ ಹುಡುಗಿಯರು ನಿಮ್ಮ ಬಳಗದಲ್ಲೂ ಇರಬಹುದು. ಕೈಗಾಡಿಯವನು ಕೂಗಿದಾಗ ಒಂದು ಗಳಿಗೆ ತಡೆಯಿರಿ. ತಂಗಿಯ ಬಳೆಗಳು ಇನ್ನೂ ಟ್ರಂಕಿನಲ್ಲೇ ಇವೆ.