ಮೈಯಳತೆಯ ಸೈಕಲ್ಲು

ಗಿರಾಕಿಯ ಮೈಯಳತೆಗೆ ಸೈಕಲ್ ಫ್ರೇಮ್ ಕಟ್ಟಿಕೊಡುವವರ ಬಳಿ ಸಿದ್ಧ ಸರಕು ಇರುವುದಿಲ್ಲ. ಮುಂಗಡ ಎಣಿಸಿ ಕೊಡುವ ಹೊತ್ತಿಗೆ ಆ ಫ್ರೇಮು ಮೂಲೆಗೆ ಒರಗಿಸಿಟ್ಟ ನಾಲ್ಕಾರು ಉಕ್ಕಿನ ಕೊಳವೆಗಳಷ್ಟೇ. ಹೀಗಾಗಿ ಈ ಕಸುಬಿನಲ್ಲಿ ಗಿರಾಕಿಗೆ ಸಲ್ಲುವ ಸೇವೆಯ ಮುಕ್ಕಾಲು ಪಾಲು ಮಾತುಕತೆ. ಬೆಸುಗೆ ಬಿಟ್ಟಿತೆಂದು ಮುನಿದವರಿಗಿಂತ ಮಾತು ಬಿಟ್ಟರೆಂದು ಮುನಿದವರೇ ಹೆಚ್ಚು.

ಕಸುಬು ಹೀಗಾದದ್ದಕ್ಕೆ ಕೊಳವೆಗಳೇ ಕಾರಣ. ತುದಿಗಳಲ್ಲಿ ದಪ್ಪ, ನಡುವೆ ತೆಳುವಾದ ಕೊಳವೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಕಂಪನಿ 1897ರಲ್ಲಿ ಪೇಟೆಂಟ್ ಪಡೆಯಿತು. 1935ರಲ್ಲಿ ಅದರ ಹೆಸರಾಂತ 531 ಮಿಶ್ರಲೋಹ ಬಂತು. ಹಗುರವೂ ಗಟ್ಟಿಯೂ ಆದ ಉಕ್ಕು ಹಣ ಕೊಟ್ಟವರಿಗೆಲ್ಲ ಸಿಗುವಂತಾದ ಮೇಲೆ, ಒಂದು ಶೆಡ್ಡು, ಅರ, ಗ್ಯಾಸ್ ಟಾರ್ಚು ಇದ್ದ ಒಬ್ಬನೇ ಮನುಷ್ಯ ಕಾರ್ಖಾನೆಯ ಮಟ್ಟದ ಫ್ರೇಮ್ ಕಟ್ಟಬಹುದಾಯಿತು. ಲೋಹ ಎಲ್ಲರಲ್ಲೂ ಒಂದೇ ಆದಾಗ ಉಳಿದ ವ್ಯತ್ಯಾಸ ಎರಡು: ಕೈಕೆಲಸ ಮತ್ತು ಗಿರಾಕಿಯೊಡನೆ ನಡೆದುಕೊಳ್ಳುವ ರೀತಿ.

ಮೊದಲ ಪರೀಕ್ಷೆ ಅಳತೆಯದು. ಭಾರತದ ಹಳ್ಳಿ-ಪೇಟೆಗಳಲ್ಲಿ ಸೈಕಲ್ಲೆಂದರೆ ಬಹುಕಾಲ ಇಪ್ಪತ್ತೆರಡು ಇಂಚು, ಇಲ್ಲವೇ ಇಪ್ಪತ್ನಾಲ್ಕು ಇಂಚು, ಹೊಂದಿಕೊಳ್ಳಬೇಕಾದದ್ದು ಆಳು. ಕಾಲು ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ತುಳಿದರೇ ಹೊರತು ಕಂಪನಿಗೆ ದೂರು ಬರೆಯಲಿಲ್ಲ. ಅಳತೆಯ ಫ್ರೇಮಿನಲ್ಲಿ ಈ ಲೆಕ್ಕ ತಿರುಗುಮುರುಗು. ಕಾಲಿನ ಒಳಅಳತೆ, ಮುಂಡದ ಉದ್ದ, ತೋಳು, ಭುಜ, ಹಳೆಯ ಬೆನ್ನುನೋವು, ಓಡಾಡುವ ರಸ್ತೆ ಎಲ್ಲವೂ ನಕ್ಷೆಯೊಳಗೆ ಬರುತ್ತವೆ. ಸೀಟಿನ ಕೊಳವೆಯನ್ನು ಒಂದೇ ಒಂದು ಡಿಗ್ರಿ ಒರಗಿಸಿದರೂ ಸೀಟು ಹನ್ನೆರಡು ಮಿಲಿಮೀಟರಿನಷ್ಟು ಹಿಂದೆ ಸರಿಯುತ್ತದೆ. ಅಷ್ಟಕ್ಕೇ ಮೊಣಕಾಲಿಗೆ ಗೊತ್ತಾಗುತ್ತದೆ.

ಆದರೆ ಟೇಪು ಹೇಳುವುದು ಅರ್ಧ ಮಾತ್ರ. ಪಳಗಿದ ಕಟ್ಟುಗ ಗಿರಾಕಿಯ ಹಳೆಯ ಸೈಕಲ್ಲನ್ನೂ ತರಿಸಿ ನೋಡುತ್ತಾನೆ: ಸೀಟನ್ನು ಎಷ್ಟು ಹಿಂದಕ್ಕೆ ತಳ್ಳಿದೆ, ಹ್ಯಾಂಡಲ್ಲಿನ ಪಟ್ಟಿ ಎಲ್ಲಿ ಸವೆದಿದೆ. ರೇಸಿನ ಫ್ರೇಮೇ ಬೇಕೆಂದು ಹಟ ಹಿಡಿದವನ ಹ್ಯಾಂಡಲ್ಲು ಕೆಳಗಡೆ ಹೊಸದಾಗಿಯೇ ಉಳಿದಿದ್ದರೆ, ಅವನು ಬಗ್ಗಿ ಓಡಿಸುವವನಲ್ಲ. ಆಗ "ಅದು ನಿಮಗೆ ಬೇಡ" ಎನ್ನಬಲ್ಲವನೇ ಒಳ್ಳೆಯ ಕಟ್ಟುಗ. ಕೇಳಿದ್ದಕ್ಕೆಲ್ಲ ತಲೆಯಾಡಿಸುವ ವಿನಯ ಇಲ್ಲಿ ಸೇವೆಯಲ್ಲ. ಈ ಖಡಾಖಂಡಿತ ಮಾತನ್ನು ಗರ್ವವೆಂದು ತಿಳಿದು ಎದ್ದು ಹೋಗುವವರೂ ಉಂಟು. ನಿಜವಾಗಿಯೂ ಗರ್ವದಿಂದ ಹಾಗೆನ್ನುವ ಕಟ್ಟುಗರೂ ಇಲ್ಲದಿಲ್ಲ.

ಎರಡನೆಯದು ಕಾಯುವಿಕೆ. ರಿಚರ್ಡ್ ಸ್ಯಾಕ್ಸ್ 1972ರಲ್ಲಿ ಅಮೆರಿಕದಿಂದ ಲಂಡನ್ನಿನ ವಿಟ್ಕಾಂಬ್ ಅಂಗಡಿಗೆ ಕೆಲಸ ಕಲಿಯಲು ಹೋದವರು; 1975ರಿಂದ ತಮ್ಮ ಹೆಸರಿನಲ್ಲೇ ಫ್ರೇಮ್ ಕಟ್ಟತೊಡಗಿದರು. ಮುಂದೆ ಅವರ ಫ್ರೇಮಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ಅಮೆರಿಕದ ಪೋರ್ಟ್‌ಲ್ಯಾಂಡಿನ ವನಿಲ್ಲಾ ಬೈಸಿಕಲ್ಸ್‌ನ ಸರದಿ ಐದು ವರ್ಷವನ್ನೂ ದಾಟಿದಾಗ ಅಲ್ಲಿ ಹೊಸ ಹೆಸರು ಬರೆದುಕೊಳ್ಳುವುದನ್ನೇ ನಿಲ್ಲಿಸಿದರು. ಒರಟಾಗಿ ಕಂಡರೂ ಅದು ಪ್ರಾಮಾಣಿಕ ನಡೆ. ಹಬ್ಬದ ಹಿಂದಿನ ದಿನದವರೆಗೂ "ನಾಳೆ ಬನ್ನಿ" ಎನ್ನುವ ದರ್ಜಿಯ ದಾರಿ ಇದಕ್ಕಿಂತ ಸುಲಭ. ಬಹಳ ಮಂದಿ ಹಿಡಿಯುವುದೂ ಅದನ್ನೇ.

ತಡವಾಗುವುದಕ್ಕೆ ಸೋಮಾರಿತನ ಕಾರಣವಾಗುವುದು ಅಪರೂಪ. ಕೊಳವೆ ಕತ್ತರಿಸುವವನೂ ಅರ ಹಾಕುವವನೂ ಬೆಸೆಯುವವನೂ ಲೆಕ್ಕ ಬರೆಯುವವನೂ ಒಬ್ಬನೇ. ಬಣ್ಣದ ಕೆಲಸ ಎಷ್ಟೋ ಸಲ ಬೇರೆಯವರದು, ಅಲ್ಲಿ ಇನ್ನೊಂದು ಸರದಿ. "ನನ್ನ ಫ್ರೇಮ್ ಎಲ್ಲಿಗೆ ಬಂತು?" ಎಂಬ ಪ್ರತಿ ಪ್ರಶ್ನೆಗೆ ಉತ್ತರಿಸುವ ಸಮಯ ಇನ್ನೊಬ್ಬನ ಫ್ರೇಮಿನಿಂದಲೇ ಕಡಿತವಾಗುತ್ತದೆ. ಆದರೂ ಗಿರಾಕಿ ಆರು ತಿಂಗಳ ತಡವನ್ನು ಸಹಿಸಿಯಾನು, ಆರು ವಾರದ ಮೌನವನ್ನು ಸಹಿಸಲಾರ. ಎರಡು ಸಾಲಿನ ಪತ್ರ, ಬೆಸುಗೆಯಾದ ಕೀಲಿನದೊಂದು ಫೋಟೊ ಸಾಕು, ಇನ್ನೂ ಮೂರು ತಿಂಗಳು ಕಾಯುವ ಸಮಾಧಾನ ಬರುತ್ತದೆ. ಇಷ್ಟು ಅಗ್ಗದ ಉಪಾಯ ಇಷ್ಟು ಜನರಿಗೆ ಹೊಳೆಯದಿರುವುದು ಆಶ್ಚರ್ಯವೇ.

ಮೌನ ಅಂಜಿಸುವುದು ಹಣದ ದೆಸೆಯಿಂದ. ಸಣ್ಣ ಅಂಗಡಿಗಳಲ್ಲಿ ಹೊಸಬರ ಮುಂಗಡವೇ ಹಳಬರ ಫ್ರೇಮಿನ ಖರ್ಚಿಗೆ ಹೋಗಿಬಿಡುವುದುಂಟು. ಅಂಗಡಿ ದಿವಾಳಿಯಾದರೆ ಇಂಗ್ಲೆಂಡಿನ ಕಾನೂನಿನಲ್ಲಿ ಮುಂಗಡ ಕೊಟ್ಟವರು ಭದ್ರತೆಯಿಲ್ಲದೆ ಸಾಲ ಕೊಟ್ಟವರ ಲೆಕ್ಕ; ಬ್ಯಾಂಕಿನವರ ಹಿಂದೆ ನಿಲ್ಲಬೇಕು. ಹೆಸರು ದೊಡ್ಡದಾದ ಮಾತ್ರಕ್ಕೆ ಭರವಸೆಯಿಲ್ಲ. 1946ರಿಂದ ಫ್ರೇಮ್ ಕಟ್ಟುತ್ತ ಬಂದಿದ್ದ ಡರ್ಬಿಯ ಮರ್ಸಿಯನ್ 2024ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ಆಮೇಲೆ ಸ್ಥಳೀಯರೇ ಕೆಲವರು ಕೊಂಡು ಅದನ್ನು ಉಳಿಸಿದರು.

ಜಪಾನಿನಲ್ಲಿ ಗಿರಾಕಿಯೇ ಬೇರೆ ಬಗೆಯವನು. 1948ರಲ್ಲಿ ಶುರುವಾದ ಕೈರಿನ್ ಎಂಬ ಬಾಜಿಯ ಓಟದ ಪುರುಷರ ಸಾಮಾನ್ಯ ಪಂದ್ಯಗಳಲ್ಲಿ ಸವಾರರು ಮಂಜೂರಾದ ಕಟ್ಟುಗರ ಉಕ್ಕಿನ ಫ್ರೇಮನ್ನೇ ಬಳಸಬೇಕು. 1977ರಿಂದ 1986ರವರೆಗೆ ಸತತ ಹತ್ತು ಬಾರಿ ವಿಶ್ವ ಸ್ಪ್ರಿಂಟ್ ಚಾಂಪಿಯನ್ ಆದ ಕೊಯಿಚಿ ನಕಾನೊ ಹೆಸರಿನ ಜೊತೆಗೇ ಬರುವುದು, ಇಟಲಿಯಲ್ಲಿ ಕೆಲಸ ಕಲಿತ ಯೋಶಿಯಾಕಿ ನಾಗಾಸಾವಾ ಅವರ ಫ್ರೇಮು. ಹೊಟ್ಟೆಪಾಡಿಗೆ ಓಡುವವನು ಮತ್ತೆ ಮತ್ತೆ ಬರುತ್ತಾನೆ. ಹಿಂದಿನದಕ್ಕಿಂತ ಎಷ್ಟು ಉದ್ದ, ಎಷ್ಟು ಗಿಡ್ಡ ಎಂದಷ್ಟೇ ಅವನ ಮಾತು. ಹವ್ಯಾಸಿ ಬರುವುದು ಬಾಳಿಗೊಮ್ಮೆ. ಉಳಿಸಿದ ದುಡ್ಡು, ಹರೆಯದ ಆಸೆ ಎಲ್ಲವನ್ನೂ ಒಂದೇ ಫ್ರೇಮಿನ ಮೇಲೆ ಹೇರುತ್ತಾನೆ. ಅದನ್ನು ಹೊರುವ ಕೊಳವೆ ಇನ್ನೂ ಬಂದಿಲ್ಲ.

ಫ್ರೇಮ್ ಕೈಗೆ ಬಂದ ಮೇಲಿನ ಜಗಳಗಳಲ್ಲಿ ಬಿರುಕು ಸುಲಭದ್ದು, ಕಣ್ಣಿಗೆ ಕಾಣುತ್ತದೆ. ಕಷ್ಟದ್ದು "ಹೊಂದುತ್ತಿಲ್ಲ" ಎಂಬ ದೂರು. ತಪ್ಪಿದ್ದು ಅಳತೆಯೋ, ಕಾಯುವಷ್ಟರಲ್ಲಿ ಬದಲಾದ ಮೈಯೋ? ಇದಕ್ಕೆಂದೇ ಜಾಣ ಕಟ್ಟುಗರು ಟಾರ್ಚು ಹಚ್ಚುವ ಮೊದಲು ನಕ್ಷೆಯ ಮೇಲೆ ಗಿರಾಕಿಯ ರುಜು ಪಡೆಯುತ್ತಾರೆ.

ಇನ್ನು ರಿಪೇರಿ. ಹಿತ್ತಾಳೆ ಅಥವಾ ಬೆಳ್ಳಿಯ ಬೆಸುಗೆಯನ್ನು ಮತ್ತೆ ಕಾಯಿಸಿದರೆ ಕೀಲು ಬಿಡುತ್ತದೆ. ನಜ್ಜಾದ ಕೊಳವೆ ತೆಗೆದು ಹೊಸದನ್ನು ಕೂರಿಸಬಹುದು. ಪೆಡಲಿನ ಅಚ್ಚಿನ ಕೆಳಗೆ ಕೊರೆದ ನಂಬರಿನಿಂದ ಹಳೆಯ ಲೆಡ್ಜರಿನಲ್ಲಿ ಆ ಫ್ರೇಮಿನ ಅಳತೆ, ಬಣ್ಣ ಹುಡುಕಿ ಕೊಡುವ ಅಂಗಡಿಗಳಿವೆ. ಆದರೆ ಖಾತರಿ ಸಾಮಾನ್ಯವಾಗಿ ಮೊದಲ ಒಡೆಯನಿಗೆ ಮಾತ್ರ, ಅಪಘಾತಕ್ಕೆ ಇಲ್ಲ. ಮಾರಲು ಹೊರಟರೆ ಒಬ್ಬನ ಮೈಗೆ ಕಟ್ಟಿದ್ದಕ್ಕೆ ಅದೇ ಮೈಕಟ್ಟಿನ ಇನ್ನೊಬ್ಬ ಸಿಗಬೇಕು. ಸಿಕ್ಕರೂ ಅವನು ಕೊಡುವುದು ಕಟ್ಟಿಸಿದವನು ಕೊಟ್ಟದ್ದಕ್ಕಿಂತ ಬಹಳ ಕಡಿಮೆ.