ಅವನೇಕೆ ಅಷ್ಟು ಜೋರಾಗಿ ನಕ್ಕ?

ಶನಿವಾರ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಟಿವಿ ಕಾಮಿಡಿ ಶೋ ಇರಲೇಬೇಕು. ಗಂಡಸೊಬ್ಬ ಸೀರೆ ಉಟ್ಟು ಬಳುಕುತ್ತಾ ಬಂದರೆ ಸಾಕು, ಮಾತಿಗೂ ಮೊದಲೇ ಅಪ್ಪನಿಗೆ ನಗು. ನಾನೂ ನಗ್ತಿದ್ದೆ. ಇಂಜಿನಿಯರಿಂಗ್ ಓದುವಾಗ ಕಾಲೇಜ್ ಡೇಗೆ ಅದೇ ಥರದ ಸ್ಕಿಟ್ ಮಾಡಿ ಮೊದಲ ಬಹುಮಾನವನ್ನೂ ಹೊಡೆದಿದ್ದೆ. ಆ ನಡಿಗೆ, ಎಳೆದಾಡುವ ಮಾತು ಎಲ್ಲಾ ಟಿವಿ ನೋಡಿ ಕಲಿತದ್ದೇ.

ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ರೂಮ್‌ಮೇಟ್. ಕಳೆದ ವರ್ಷ ಗೆಳೆಯನ ಮದುವೆಯಲ್ಲಿ ಸಿಕ್ಕಿದ್ದ. ಊಟ ಮುಗಿಸಿ ಬೀಡಾ ಹಾಕಿಕೊಳ್ಳುವಾಗ ಮಾತು ಆ ಸ್ಕಿಟ್ ಕಡೆ ತಿರುಗಿತು. ತಾನು ಗೇ ಅಂತ ಆಗ ಹೇಳಿದ. “ಅವತ್ತು ನಗದೇ ಇದ್ದಿದ್ರೆ ಎಲ್ರೂ ನನ್ನ ಕಡೆ ನೋಡ್ತಿದ್ರು ಕಣೋ. ಅದಕ್ಕೇ ಅಷ್ಟು ನಕ್ಕೆ.” ಬೀಡಾ ಬಾಯಲ್ಲೇ ಉಳಿಯಿತು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಡುವ ತನಕ ಅವನ ಪ್ರೀತಿ ಕಾನೂನಿನ ಕಣ್ಣಲ್ಲಿ ಅಪರಾಧವಾಗಿತ್ತು. ಅವನು ಯಾರ ಹತ್ತಿರ ಹೇಳ್ಕೋಬೇಕಿತ್ತು? (ಅವನನ್ನು ಕೇಳಿಯೇ ಇದನ್ನು ಬರೀತಿದ್ದೀನಿ.)

ಹಾಗಂತ ಗಂಡಸು ಹೆಣ್ಣಿನ ವೇಷ ಹಾಕೋದೇ ತಪ್ಪಾ? ನಮ್ಮ ಮೂಲ ಕುಂದಾಪುರದ ಕಡೆ. ಯಕ್ಷಗಾನದಲ್ಲಿ ಮಂಟಪ ಪ್ರಭಾಕರ ಉಪಾಧ್ಯರ ಸ್ತ್ರೀವೇಷ ನೋಡಿದವರಿಗೆ ಗೊತ್ತು, ಅಲ್ಲಿ ಸೀರೆ ಜೋಕ್ ಅಲ್ಲ, ಪಾತ್ರ. ಟಿವಿ ಸ್ಕಿಟ್‌ನಲ್ಲಿ ಪಾತ್ರವೇ ಇರೋದಿಲ್ಲ, ಬರೀ ನಡಿಗೆ. ಗೇ ಬೇರೆ, ಲಿಂಗತ್ವ ಅಲ್ಪಸಂಖ್ಯಾತರು ಬೇರೆ. ಸ್ಕಿಟ್‌ಗೆ ಮಾತ್ರ ಎಲ್ಲರೂ ಒಂದೇ.

ಅದೇ ಟಿವಿಯಲ್ಲಿ 2021ರ ನವೆಂಬರ್‌ನಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯುವ ಮುಂಚೆ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೋಡಿದ್ದೆವು. ರಾಷ್ಟ್ರಪತಿಗಳೂ ನಕ್ಕಿದ್ದರು, ಪ್ರೀತಿಯಿಂದ. ಅಪ್ಪ “ಒಳ್ಳೇದಾಗ್ಲಿ” ಅಂದಿದ್ದರು. ಅಂದರೆ ನಮಗೆ ಹಾಗೆ ನೋಡೋಕೂ ಬರುತ್ತೆ.

ಮೊನ್ನೆ ಶನಿವಾರ ಎಂಟು ವರ್ಷದ ಅಕ್ಕನ ಮಗ ಟಿವಿ ಮುಂದೆ ಎದ್ದು ಹಾಗೇ ಬಳುಕಿ ತೋರಿಸಿದ. ಮನೆಯವರೆಲ್ಲ ಚಪ್ಪಾಳೆ ಹೊಡೆದರು. ನಾನು ಬೈಯಲಿಲ್ಲ. ಪಕ್ಕ ಕೂರಿಸಿಕೊಂಡು, “ಇದರಲ್ಲಿ ನಗು ಬರೋದು ಯಾವುದಕ್ಕೆ ಪುಟ್ಟಾ?” ಅಂತ ಕೇಳಿದೆ.

ಅವನಿಗೆ ಗೊತ್ತಿರಲಿಲ್ಲ. ಆ ವಯಸ್ಸಲ್ಲಿ ನನ್ನನ್ನೂ ಯಾರೂ ಕೇಳಿರಲಿಲ್ಲ.