ಖಾಲಿ ಮನೆಯ ಬೆಲೆ

ಗಣಿತ ಕಲಿಸಿದವನಿಗೆ ಅಂಕಣ ಎಂಬ ಮಾತಿನ ಮೇಲೆ ವಿಶೇಷವಾದ ಅಕ್ಕರೆ. ಕೂಡುವ ಲೆಕ್ಕದಲ್ಲಿ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು, ನೂರರ ಕೆಳಗೆ ನೂರು ಬರಬೇಕೆಂದು ನಾನು ಹೇಳದ ದಿನವಿರಲಿಲ್ಲ ಎಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಚೌಕಳಿ ಪುಸ್ತಕದಲ್ಲಿ ಮನೆಗೊಂದು ಅಂಕಿ. ಅಂಕಿ ಅದೇ ಆದರೂ ಮನೆ ಬದಲಾದರೆ ಬೆಲೆ ಬದಲಾಗುತ್ತದೆ. ಈ ಪ್ರಾಥಮಿಕ ಶಾಲೆಯ ಪಾಠವನ್ನೇ ನೆಚ್ಚಿಕೊಂಡು ದೊಡ್ಡ ದೊಡ್ಡ ಬ್ಯಾಂಕು, ವಿಮಾ ಸಂಸ್ಥೆಗಳ ಲೆಕ್ಕ ಇಂದಿಗೂ ನಡೆಯುತ್ತಿದೆಯೆಂದು ನನಗೆ ತಿಳಿಸಿಕೊಟ್ಟವನು ನನ್ನ ಅಕ್ಕನ ಮಗ.

ಅವನು ಬೆಂಗಳೂರಿನಲ್ಲಿ ಮೇನ್‌ಫ್ರೇಮ್ ಎಂಬ ಬೃಹತ್ ಗಣಕಗಳ ಕೆಲಸಕ್ಕೆ ಸೇರಿದ್ದು 2000ನೇ ಇಸವಿಯ ದಿನಾಂಕದ ಸಮಸ್ಯೆ ಜಗತ್ತನ್ನೆಲ್ಲ ಕಾಡುತ್ತಿದ್ದ ಕಾಲದಲ್ಲಿ. ಇಸವಿಗೆಂದು ಎರಡೇ ಅಂಕಣ ಮೀಸಲಿಟ್ಟಿದ್ದರಿಂದ ಹುಟ್ಟಿದ ಸಮಸ್ಯೆ ಅದು. ಅಂಕಣದ ಈ ಶಿಸ್ತು ಇನ್ನೂ ಹಳೆಯದು. 1928ರಲ್ಲಿ ಐಬಿಎಂ ಕಂಪನಿ 80 ಅಂಕಣಗಳ ರಂಧ್ರಕಾರ್ಡನ್ನು ತಂದಿತು. ಕಾರ್ಡುಗಳು ಮೂಲೆ ಸೇರಿದರೂ ಅವುಗಳ ಅಗಲ ಉಳಿದುಕೊಂಡಿತು. ಕೋಬಾಲ್ ಭಾಷೆಯ ಕಾರ್ಯಕ್ರಮಗಳಲ್ಲಿ 73ರಿಂದ 80ರವರೆಗಿನ ಅಂಕಣಗಳನ್ನು ಮೂಲ ಬರಹಕ್ಕೆ ಬಳಸದೆ ಬಿಡುವುದೂ ಆ ಕಾಲದ ರೂಢಿಯೇ. ಕಾರ್ಡಿನ ಕ್ರಮಸಂಖ್ಯೆ ಮೊದಲ ಆರು ಅಂಕಣಗಳಲ್ಲಿ ಇರುತ್ತಿತ್ತಂತೆ. ಕಟ್ಟು ಕೈಜಾರಿ ಬಿದ್ದರೆ ಮತ್ತೆ ಜೋಡಿಸಿಕೊಳ್ಳಲು ಅನುಕೂಲವಾಗಲೆಂದು.

ಕಳೆದ ದೀಪಾವಳಿಗೆ ಬಂದಿದ್ದಾಗ ಅವನನ್ನು ಕೂರಿಸಿಕೊಂಡು, "ನೀನು ದಿನವೂ ಮಾಡುವುದಾದರೂ ಏನು, ನನಗೆ ತಿಳಿಯುವಂತೆ ಹೇಳು" ಎಂದು ಕೇಳಿದೆ. ನಿಜವಾದ ಹೆಸರುಗಳಿಲ್ಲದ ಒಂದು ಅಭ್ಯಾಸದ ಕಡತವನ್ನು ಐಎಸ್‌ಪಿಎಫ್ ಎಂಬ ಸಂಪಾದಕದಲ್ಲಿ ತೆರೆದು ತೋರಿಸಿದ. ಕಪ್ಪು ಪರದೆ, ಹಸಿರು ಅಕ್ಷರ. ಸಾಲಿಗೊಬ್ಬ ವ್ಯಕ್ತಿ, 31ರಿಂದ 38ರವರೆಗಿನ ಅಂಕಣಗಳಲ್ಲಿ ಅವನ ಮೊತ್ತ. ಎಲ್ಲಿಂದಲೋ ಬಂದ ಕೆಲವು ಸಾಲುಗಳಲ್ಲಿ 1250 ಎಂದಿರಬೇಕಾದಲ್ಲಿ 1,250 ಎಂದಿತ್ತು. ಆ ಅಲ್ಪವಿರಾಮವನ್ನು ತೆಗೆಯಬೇಕು. "ಇಷ್ಟೇ ತಾನೆ!" ಎಂದೆ.

"ಇಷ್ಟೇ ಮಾವ, ಆದರೆ ಇದರಲ್ಲೇ ಎಲ್ಲ ಇದೆ" ಎಂದ.

ಅಲ್ಪವಿರಾಮದ ಬದಲು ಖಾಲಿ ಜಾಗವನ್ನಿಟ್ಟರೆ 1, ಒಂದು ಬಿರುಕು, ಆಮೇಲೆ 250 ಎಂದಾಗುತ್ತದೆ. ಅದು ಸಂಖ್ಯೆಯೇ ಅಲ್ಲ. ಏನನ್ನೂ ಇಡದೆ ಅಳಿಸಿದರೆ ಅದರ ಬಲಗಡೆಯಿದ್ದುದು ಒಂದು ಮನೆ ಎಡಕ್ಕೆ ಸರಿಯುತ್ತದೆ. ಇಲ್ಲಿ ಆ ಸಂಪಾದಕ ತೋರುವ ವಿವೇಕ ನನಗೆ ಬಹಳ ಹಿಡಿಸಿತು. ಮುಂದಿನ ಪದಕ್ಕೂ ಇದಕ್ಕೂ ನಡುವೆ ಎರಡು ಅಥವಾ ಹೆಚ್ಚು ಖಾಲಿ ಮನೆಗಳಿದ್ದರೆ ಅದು ಕೋಷ್ಟಕವೆಂದು ತಿಳಿದು, ಕಡಿಮೆಯಾದಷ್ಟು ಖಾಲಿ ಜಾಗವನ್ನು ತಾನೇ ತುಂಬಿ, ಮುಂದಿನದನ್ನು ಅಲುಗಿಸದೆ ಬಿಡುತ್ತದೆ. ಒಂದೇ ಖಾಲಿ ಮನೆಯಿದ್ದರೆ ಅದು ಬರಿಯ ವಾಕ್ಯವೆಂದು ಭಾವಿಸಿ ಎಲ್ಲವನ್ನೂ ಎಡಕ್ಕೆ ಎಳೆದುಬಿಡುತ್ತದೆ. ಆದ್ದರಿಂದ ಅವನು ಮೊದಲು 'ಬೌಂಡ್ಸ್' ಎಂಬ ಆಜ್ಞೆಯಿಂದ 31ಕ್ಕೂ 38ಕ್ಕೂ ಬೇಲಿ ಹಾಕಿದ. ಆಮೇಲೆ ಏನೇ ಸರಿದರೂ ಬೇಲಿಯೊಳಗೇ ಸರಿಯಬೇಕು.

ಅಲ್ಪವಿರಾಮ ಹೋಯಿತು, ಆದರೆ ಬಿಡಿಯ ಸೊನ್ನೆ ಈಗ ಹತ್ತರ ಮನೆಯಲ್ಲಿ ನಿಂತಿತ್ತು. ಅದನ್ನು ಬಲಕ್ಕೆ ತಳ್ಳಬೇಕು. ಸಾಲಿನ ಅಂಚಿನಲ್ಲಿ ಮುಚ್ಚುವ ಆವರಣ ಚಿಹ್ನೆಯನ್ನೂ ಪಕ್ಕದಲ್ಲಿ 1 ಎಂಬ ಅಂಕಿಯನ್ನೂ ಬರೆದರೆ ಒಂದು ಮನೆ ಸರಿಯುತ್ತದೆ. ಆ 1 ಬರೆಯದೆ ಬಿಟ್ಟರೆ ಎರಡು ಮನೆ ಸರಿಯುವುದು ಅದರ ನಿಯಮ. ಬೇಲಿಯಾಚೆ ಹೋದ ಅಂಕಿ ಸದ್ದಿಲ್ಲದೆ ಅಳಿದುಹೋಗುತ್ತದೆ. 1250 ಹೋಗಿ 125 ಉಳಿಯುತ್ತದೆ. ನೋಡಿದವರಿಗೆ ಅದೂ ಸರಿಯಾದ ಸಂಖ್ಯೆಯಂತೆಯೇ ಕಾಣುತ್ತದೆ.

ಪರದೆಯ ಮೇಲೆ ಕಾಣದ ಅಕ್ಷರಗಳೂ ಉಂಟು. ಖಾಲಿ ಜಾಗಕ್ಕೂ ಆ ಯಂತ್ರದಲ್ಲಿ 40 ಎಂಬ ಸಂಕೇತವಿದೆ. 00 ಎಂಬ ಸಂಕೇತವಿರುವ ಮನೆಯೂ ಕಣ್ಣಿಗೆ ಬರಿದಾಗಿಯೇ ತೋರಬಹುದು. 'ಹೆಕ್ಸ್ ಆನ್' ಎಂದರೆ ಪ್ರತಿ ಅಕ್ಷರದ ಕೆಳಗೂ ಅದರ ಸಂಕೇತ ಮೂಡುತ್ತದೆ. ಖಾಲಿ ಎಂಬುದು ಏನೂ ಇಲ್ಲದ್ದಲ್ಲ, ಜಾಗ ಕಾಯುವ ಒಂದು ವಸ್ತು ಎಂಬುದನ್ನು ಅಂದು ಕಣ್ಣಾರೆ ಕಂಡೆ. ಸೊನ್ನೆಯ ಪಾಠ ಮಾಡುವಾಗ ನಾನು ಹೇಳುತ್ತಿದ್ದುದೂ ಇದನ್ನೇ.

43 ಸಾಲುಗಳನ್ನು ತಿದ್ದಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ತಿದ್ದುವ ಮೊದಲು ಸಾಲುಗಳನ್ನು ಎಣಿಸಿ ಮೊತ್ತ ಕೂಡಿದ. ತಿದ್ದಿದ ಮೇಲೆ ಮತ್ತೊಮ್ಮೆ. ಅಭ್ಯಾಸದ ಕಡತಕ್ಕೂ ಇಷ್ಟು ಜತನವೇಕೆಂದು ನಾನು ಕೇಳಲಿಲ್ಲ. ಕಾರಣ ನನಗೆ ಗೊತ್ತಿತ್ತು. ಭಾವನವರು ತೀರಿಕೊಂಡಾಗ ಅವನು ಒಂಬತ್ತನೆಯ ತರಗತಿಯಲ್ಲಿದ್ದ. ಅಕ್ಕನಿಗೆ ಬರಬೇಕಾದ ಕುಟುಂಬ ಪಿಂಚಣಿ ಏಳು ತಿಂಗಳು ಬರಲಿಲ್ಲ. ಪ್ರತಿ ತಿಂಗಳೂ ಮಗನ ಕೈಹಿಡಿದು ಬಸ್ಸು ಹತ್ತಿ ಕಚೇರಿಗೆ ಹೋಗಿ, ಅದೇ ಉತ್ತರ ಕೇಳಿ ಹಿಂದಿರುಗುತ್ತಿದ್ದಳು. ಕೊನೆಗೊಬ್ಬ ಪುಣ್ಯಾತ್ಮ ಗುಮಾಸ್ತ ಅಡಿಪಟ್ಟಿ ಇಟ್ಟು ನೋಡಿ ಕಂಡುಹಿಡಿದ: ಮುದ್ರಿತ ಪಟ್ಟಿಯಲ್ಲಿ ಅವಳ ಖಾತೆಯ ಕೊನೆಯ ಅಂಕಿ ಪಕ್ಕದ ಅಂಕಣಕ್ಕೆ ಜಾರಿತ್ತು. ಆ ಏಳು ತಿಂಗಳು ಅಕ್ಕ ಯಾರ ಮುಂದೆಯೂ ಕೈಚಾಚಲಿಲ್ಲ. ಎರಡು ಬಳೆಗಳು ಮಾತ್ರ ಕೈಯಿಂದ ಇಳಿದವು.

ಗಣಕವನ್ನು ಮುಚ್ಚುತ್ತ ಅವನು, "ಇಲ್ಲಿರುವುದು ಬರೀ ಸಾಲು ಮಾವ. ಆಚೆ ಯಾರೋ ಬಸ್ಸಿಗೆ ಕಾಯುತ್ತಿರುತ್ತಾರೆ" ಎಂದ.

ನಿಮ್ಮಲ್ಲಿ ಎಷ್ಟೋ ಮಂದಿ ಇಂದು ಇಂಥ ಕಡತಗಳ ಮುಂದೆ ಕುಳಿತವರೇ ಇದ್ದೀರಿ. ಬೇಡವಾದುದನ್ನು ಅಳಿಸುವುದು ಒಂದು ಕ್ಷಣದ ಕೆಲಸ. ಅಳಿಸಿದ ಮೇಲೆ ಉಳಿದವೆಲ್ಲ ತಮ್ಮ ತಮ್ಮ ಮನೆಗಳಲ್ಲೇ ಇವೆಯೇ ಎಂದು ನೋಡುವುದಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಆ ಹೊತ್ತನ್ನು ಕೊಡಿರಿ. ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಎಲ್ಲಿಯೋ ಒಬ್ಬ ತಾಯಿಗೆ ಆ ತಿಂಗಳ ಹಣ ಸುಮ್ಮನೆ ಬಂದು ಸೇರುತ್ತದೆ.